ಅವಳಿಯಲ್ಲಿ ಹುಟ್ಟಿದ ಹೆಣ್ಣುಕರು ಬೆದೆಗೆ ಬರುವುದಿಲ್ಲವೇಕೆ?

ಹಸು ಅವಳಿ ಹಾಕಿತು, ಒಂದು ಹೆಣ್ಣು, ಒಂದು ಗಂಡು. ಹೆಣ್ಣುಕರುವನ್ನು ನಾಳೆಯ ಹಾಲಿನ ಹಸು ಎಂದುಕೊಂಡು ನೀವು ಜೋಪಾನವಾಗಿ ಸಾಕುತ್ತೀರಿ. ಎರಡು ವರ್ಷ ಕಳೆದರೂ ಕಡಸು ಬೆದೆಗೆ ಬರುವುದಿಲ್ಲ. ಜಂತುಹುಳುವಿನ ಔಷಧಿ ಹಾಕಿದ್ದಾಯಿತು, ಖನಿಜ ಮಿಶ್ರಣ ತಿನ್ನಿಸಿದ್ದಾಯಿತು, ದೇವರಿಗೆ ಹರಕೆಯೂ ಆಯಿತು. ಮನೆಯಲ್ಲಿ ಮಾತು ಬರುವುದು ಕೊಟ್ಟಿಗೆ ನೋಡಿಕೊಳ್ಳುವ ನಿಮ್ಮ ಮೇಲೆಯೇ.

ತಪ್ಪು ನಿಮ್ಮದಲ್ಲ. ಗಂಡುಕರುವಿನ ಜೊತೆ ಹುಟ್ಟಿದ ಹೆಣ್ಣುಕರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಗೊಡ್ಡಾಗಿಯೇ ಹುಟ್ಟುತ್ತವೆ. ಇಂಥ ಕರುವನ್ನು ಪಶುವೈದ್ಯರು ಫ್ರೀಮಾರ್ಟಿನ್ ಎನ್ನುತ್ತಾರೆ. ತಾಯಿ ಗಬ್ಬವಾದ ಎರಡನೇ ತಿಂಗಳಲ್ಲೇ ಇದು ಶುರುವಾಗಿರುತ್ತದೆ.

ಕರು ಮೊದಲು ಒಂದೇ ಒಂದು ಜೀವಕೋಶ. ಅದು ಎರಡಾಗಿ, ನಾಲ್ಕಾಗಿ, ಕೋಟಿ ಕೋಟಿಯಾಗುತ್ತದೆ. ಎಲ್ಲದರೊಳಗೂ ಇರುವ ವಂಶವಾಹಿಗಳು ಒಂದೇ. ಹಾಗಿದ್ದರೆ ಒಂದು ಕೋಶ ಗೊರಸಾಗಬೇಕು, ಇನ್ನೊಂದು ಕೆಚ್ಚಲಾಗಬೇಕು ಎಂದು ಹೇಳುವವರು ಯಾರು? ಬಹುಮಟ್ಟಿಗೆ ಬೇರೆ ಕೋಶಗಳೇ. ಒಂದು ಕೋಶ ಕಳುಹಿಸಿದ ರಾಸಾಯನಿಕ ಸಂದೇಶವನ್ನು ಇನ್ನೊಂದು ಪಡೆಯುತ್ತದೆ. ಪಕ್ಕದ ಕೋಶಕ್ಕೆ ನೇರವಾಗಿ ಹೋಗುವ ಸಂದೇಶಗಳಿವೆ, ರಕ್ತದಲ್ಲಿ ಹರಿದು ದೂರ ಹೋಗುವ ಹಾರ್ಮೋನುಗಳೂ ಇವೆ.

ಡೇರಿಯಲ್ಲಿ ಬಟವಾಡೆ ಇದೆ ಎಂದು ಮೈಕಿನಲ್ಲಿ ಕೂಗಿದರೆ ಊರಿಗೆಲ್ಲ ಕೇಳಿಸುತ್ತದೆ, ಆದರೆ ಎದ್ದು ಹೊರಡುವವರು ಹಾಲು ಹಾಕಿದವರು ಮಾತ್ರ. ಇಲ್ಲೂ ಹಾಗೆಯೇ. ಆ ಸಂದೇಶವನ್ನು ಹಿಡಿಯುವ ಗ್ರಾಹಕ ಎಂಬ ಭಾಗ ಯಾವ ಕೋಶದಲ್ಲಿದೆಯೋ ಅದು ಮಾತ್ರ ಕೇಳಿಸಿಕೊಳ್ಳುತ್ತದೆ. ಗ್ರಾಹಕ ಒಳಗಿನ ಒಂದು ಪ್ರೋಟೀನನ್ನು ಎಚ್ಚರಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಸುದ್ದಿ ಕೈಯಿಂದ ಕೈಗೆ ದಾಟಿ ವಂಶವಾಹಿಗಳಿರುವಲ್ಲಿಗೆ ತಲುಪುತ್ತದೆ. ಅಲ್ಲಿ ಕೆಲವು ವಂಶವಾಹಿಗಳು ಕೆಲಸ ಶುರು ಮಾಡುತ್ತವೆ, ಕೆಲವು ನಿಲ್ಲಿಸುತ್ತವೆ. ಕೋಶ ಬೆಳೆಯಬೇಕೋ, ರೂಪ ಬದಲಿಸಬೇಕೋ, ಸಾಯಬೇಕೋ ಎಂಬುದು ಹೀಗೆ ತೀರ್ಮಾನವಾಗುತ್ತದೆ. ಸಾಯುವುದೂ ಬೆಳವಣಿಗೆಯ ಒಂದು ಭಾಗವೇ.

ಮೊದಲ ಸುಮಾರು 40 ದಿನ ಗಂಡು, ಹೆಣ್ಣು ಎರಡೂ ಭ್ರೂಣಗಳ ಅಂಗಗಳು ಒಂದೇ ಥರ. ಮುಂದೆ ಗರ್ಭಕೋಶವಾಗಬಲ್ಲ ಜೋಡಿ ನಾಳವೂ, ಗಂಡಿನ ವೀರ್ಯನಾಳವಾಗಬಲ್ಲ ಜೋಡಿ ನಾಳವೂ ಎಲ್ಲದರಲ್ಲೂ ಇರುತ್ತವೆ. ಗಂಡು ಭ್ರೂಣದಲ್ಲಿ ವೈ ವರ್ಣತಂತುವಿನ ಒಂದು ವಂಶವಾಹಿಯಿಂದ ವೃಷಣ ರೂಪುಗೊಳ್ಳುತ್ತದೆ. ವೃಷಣ ಎರಡು ಹಾರ್ಮೋನು ಕಳುಹಿಸುತ್ತದೆ. ಟೆಸ್ಟೋಸ್ಟೆರಾನ್ ಗಂಡಿನ ನಾಳವನ್ನು ಉಳಿಸುತ್ತದೆ. ಆಂಟಿ ಮುಲ್ಲೇರಿಯನ್ ಹಾರ್ಮೋನು ಗರ್ಭಕೋಶದ ನಾಳವನ್ನು ಕರಗಿಸುತ್ತದೆ. ಹೆಣ್ಣು ಭ್ರೂಣದಲ್ಲಿ ಆ ಸಮಯಕ್ಕೆ ಈ ಅಪ್ಪಣೆ ಇರುವುದಿಲ್ಲ, ಆದ್ದರಿಂದ ಗರ್ಭಕೋಶ ಬೆಳೆಯುತ್ತದೆ.

ಹಸುವಿನ ಹೊಟ್ಟೆಯಲ್ಲಿ ಅವಳಿಗಳಿದ್ದಾಗ ಎರಡರ ಮಾಸು ಅಂಟಿಕೊಂಡು ರಕ್ತನಾಳಗಳು ಸಾಮಾನ್ಯವಾಗಿ ಕೂಡಿಬಿಡುತ್ತವೆ. ಅಣ್ಣನ ಹಾರ್ಮೋನು ತಂಗಿಯ ಮೈಗೆ ಹರಿಯುತ್ತದೆ. ತಂಗಿಯ ಗರ್ಭಕೋಶದ ನಾಳದಲ್ಲೂ ಅದೇ ಗ್ರಾಹಕ ಇದೆಯಲ್ಲ! ಅಪ್ಪಣೆ ಯಾರದೆಂದು ಅದು ವಿಚಾರಿಸುವುದಿಲ್ಲ. ಗರ್ಭಕೋಶ ಕುಗ್ಗುತ್ತದೆ, ಅಂಡಾಶಯವೂ ಬೆಳೆಯುವುದಿಲ್ಲ. ಹೊರಗಿನಿಂದ ಮಾತ್ರ ಹೆಚ್ಚುಕಡಿಮೆ ಹೆಣ್ಣುಕರುವಿನಂತೆಯೇ ಕಾಣುತ್ತದೆ. ರಕ್ತನಾಳ ಕೂಡುವುದೇ ಇದಕ್ಕೆ ಕಾರಣ ಎಂದು 1916ರಲ್ಲಿ ವಿವರಿಸಿದವರು ಅಮೆರಿಕದ ಫ್ರಾಂಕ್ ಲಿಲ್ಲಿ.

ಆಡು ಅವಳಿ ಹಾಕುವುದು ಮಾಮೂಲು, ಅದಕ್ಕೇಕೆ ಹೀಗಾಗುವುದಿಲ್ಲ ಎಂದು ನೀವು ಕೇಳಬಹುದು. ಆಡಿನಲ್ಲಿ ಮರಿಗಳ ರಕ್ತನಾಳಗಳು ಕೂಡುವುದು ಬಹಳ ಅಪರೂಪ.

ಹಾಗಾಗಿ ಗಂಡು-ಹೆಣ್ಣು ಅವಳಿ ಹುಟ್ಟಿದರೆ ಎರಡಕ್ಕೂ ಗಿಣ್ಣುಹಾಲು ಕುಡಿಸಿ, ಒಂದು ತಿಂಗಳೊಳಗೆ ಹೆಣ್ಣುಕರುವನ್ನು ಪಶುವೈದ್ಯರಿಗೆ ತೋರಿಸಿ. ಅವರು ಮೊಂಡಾದ, ನುಣುಪಾದ ಕಡ್ಡಿಯಿಂದ ಯೋನಿಯ ಉದ್ದ ನೋಡುತ್ತಾರೆ. ಆ ವಯಸ್ಸಿನ ಸಾಮಾನ್ಯ ಕರುವಿನಲ್ಲಿ ಕಡ್ಡಿ ಸುಮಾರು 12ರಿಂದ 15 ಸೆಂಟಿಮೀಟರ್ ಒಳಗೆ ಹೋಗುತ್ತದೆ, ಗೊಡ್ಡು ಕರುವಿನಲ್ಲಿ ಸುಮಾರು 5ರಿಂದ 8. ದಯವಿಟ್ಟು ನೀವೇ ಪ್ರಯತ್ನಿಸಬೇಡಿ, ಒಳಗೆ ಗಾಯವಾಗುತ್ತದೆ. ಸಂಶಯ ಉಳಿದರೆ ರಕ್ತಪರೀಕ್ಷೆಯಿದೆ. ಹೆಣ್ಣುಕರುವಿನ ರಕ್ತದಲ್ಲಿ ಗಂಡಿನ ಕೋಶಗಳು ಸಿಕ್ಕರೆ ಎರಡರ ರಕ್ತ ಬೆರೆತಿದೆ ಎಂದರ್ಥ. ರಕ್ತ ಬೆರೆಯದ ಕೆಲವೇ ಕರುಗಳು ಚೆನ್ನಾಗಿ ಗಬ್ಬವಾಗುತ್ತವೆ, ಆದ್ದರಿಂದ ಪರೀಕ್ಷಿಸದೆ ಮಾರಬೇಡಿ. ಎರಡೂ ಹೆಣ್ಣಾಗಿದ್ದರೆ ಈ ಚಿಂತೆಯೇ ಇಲ್ಲ.

ಫ್ರೀಮಾರ್ಟಿನ್ ಎಂದು ಖಚಿತವಾದ ಮೇಲೆ ಬೆದೆಗೆ ತರಿಸುವ ಚುಚ್ಚುಮದ್ದಿಗೆ ಹಣ ಸುರಿಯಬೇಡಿ. ಬೆಳೆಯದೇ ಹೋದ ಗರ್ಭಕೋಶವನ್ನು ಯಾವ ಔಷಧಿಯೂ ಬೆಳೆಸಲಾರದು. ಇನ್ನು ಸಂತೆಯಲ್ಲಿ ಕಡಸು ಕೊಳ್ಳುವಾಗ ತಾಯಿಯ ಹಾಲೆಷ್ಟು ಎಂದು ಕೇಳುತ್ತೀರಲ್ಲ, ಜೊತೆಗೆ ಇದು ಒಂಟಿಯಾಗಿ ಹುಟ್ಟಿದ್ದೋ, ಅವಳಿಯೋ ಎಂದೂ ಕೇಳಿ.