ಬಿಚ್ಚಿದ ಕೋವಿ ಮರಳಿ ಕೂಡದಿದ್ದರೆ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ತೋಟದ ಮನೆಗಳಲ್ಲಿ ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದ ಕೋವಿ ಇರುವುದುಂಟು. ಕಾಡುಹಂದಿಯು ಒಂದೇ ರಾತ್ರಿಯಲ್ಲಿ ಗದ್ದೆಯನ್ನು ಹಾಳುಗೆಡಹುವ ಸೀಮೆಯಲ್ಲಿ ಅದು ಆಡಂಬರದ ವಸ್ತುವಲ್ಲ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ಈ ಕರಾವಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಬೇಗನೆ ಹಿಡಿಯುತ್ತದೆ. ಆದುದರಿಂದ ಮಳೆಗಾಲ ಕಳೆದೊಡನೆ ಯಜಮಾನರು ಕೋವಿಯನ್ನು ಬಿಚ್ಚಿ, ಒರಸಿ, ಎಣ್ಣೆ ಹಚ್ಚುವರು. ಸಲೀಸಾಗಿ ಬಿಚ್ಚಿಬಂದದ್ದು ಕೆಲವೊಮ್ಮೆ ಮರಳಿ ಕೂಡಲೊಲ್ಲದು. ಕೈ ಸುತ್ತಿಗೆಯನ್ನು ಹುಡುಕುವುದು. ಆ ಕೈಯನ್ನು ತಡೆಯುವುದಕ್ಕಾಗಿ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲನೆಯ ಕೆಲಸ, ಕೋವಿ ಬರಿದಾಗಿದೆಯೆಂಬುದನ್ನು ಕಣ್ಣಾರೆ ಕಾಣುವುದು. ತೋಟಾಗಳು ಬೇರೆ ಕೋಣೆಯಲ್ಲಿರಲಿ, ಮಕ್ಕಳು ಬಳಿಯಲ್ಲಿರಬಾರದು, ನಳಿಗೆಯ ಬಾಯಿ ಯಾರ ಕಡೆಗೂ ತಿರುಗಿರಬಾರದು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಒಳಗಿನ ಮದ್ದು ಹೊರಗೆ ಕಾಣಿಸದು. ಬರಿದಾದ ನಳಿಗೆಯಲ್ಲಿ ಗಜವು ಎಷ್ಟು ಆಳಕ್ಕೆ ಇಳಿಯುವುದೆಂಬ ಗುರುತನ್ನು ಗಜದ ಮೇಲೆಯೇ ಮಾಡಿಟ್ಟಿರಬೇಕು. ಆ ಗುರುತು ಹೊರಗೇ ನಿಂತರೆ ಒಳಗೆ ಏನೋ ಉಳಿದಿದೆಯೆಂದು ತಿಳಿದು, ಬಿಚ್ಚುವ ಯೋಚನೆಯನ್ನೇ ಬಿಡತಕ್ಕದ್ದು.

ಜೋಡುನಳಿಗೆಯ ತೋಟಾಕೋವಿಯು ಸಾಮಾನ್ಯವಾಗಿ ಮೂರು ಭಾಗಗಳಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ಕೀಲುಗಳುಳ್ಳ ಹಿಂಭಾಗ, ನಳಿಗೆಯ ಕೆಳಗಿನ ಮುಂಗಡೆಯ ಮರ. ಇವುಗಳ ಮೇಲೆ ಕೆತ್ತಿದ ಸಂಖ್ಯೆಗಳು ಒಂದೇ ಆಗಿರುವುವೋ ನೋಡಬೇಕು. ಒಂದೇ ಕಾರ್ಖಾನೆಯ ಎರಡು ಕೋವಿಗಳನ್ನು ಒಟ್ಟಿಗೆ ಒರಸಿದಲ್ಲಿ ಭಾಗಗಳು ಅದಲುಬದಲಾಗುವುದುಂಟು. ಕೈಯಿಂದ ಅರೆದು ಹೊಂದಿಸಿದ ಕೋವಿಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಒಗ್ಗದು. ತಿರುಪುಗಳೂ ಹಾಗೆಯೇ, ಯಾವ ರಂಧ್ರದ್ದು ಯಾವುದೆಂದು ಕಾಗದದ ಮೇಲೆ ಬರೆದಿಡುವುದು ಲೇಸು.

ಎರಡನೆಯದಾಗಿ ಕೊಳೆ. ಕೊಕ್ಕೆ ಕೂರುವ ಮೂಲೆಯಲ್ಲಿ ಬಟ್ಟೆಯ ಎಳೆ, ತುಕ್ಕಿನ ಪುಡಿ, ಹಳೆಯ ಜಿಡ್ಡು ನಿಂತರೆ ಅಷ್ಟೇ ಸಾಕು. ನಮ್ಮ ಮನೆಗಳ ತೆಂಗಿನೆಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ತಂಪಾದರೆ ಹೆರೆಗಟ್ಟುವುದರಿಂದ ಅದು ಕೋವಿಗೆ ತಕ್ಕದ್ದಲ್ಲ. ತೇವ ಕುಡಿದ ಮರವೂ ಉಬ್ಬಿ ಬಿಗಿಯುತ್ತದೆ. ಅದನ್ನು ಹೆರೆಯದೆ, ನೆರಳಿನಲ್ಲಿ ಕೆಲವು ದಿನ ಒಣಗಲು ಬಿಡಬೇಕು.

ಮೂರನೆಯ ಕಾರಣವು ಅನೇಕರಿಗೆ ಹೊಳೆಯುವುದಿಲ್ಲ. 1875ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಎಂಬವರು ಹಕ್ಕು ಪಡೆದ ರಚನೆಯಲ್ಲಿ, ತೋಟಾವನ್ನು ಬಡಿಯುವ ಕುದುರೆಗಳು ಒಳಗೇ ಅಡಗಿರುತ್ತವೆ. ನಳಿಗೆಯನ್ನು ಬಾಗಿಸಿದಾಗ ಅವು ತಾವಾಗಿ ಏರುತ್ತವೆ. ಕೋವಿಯನ್ನು ಬಿಚ್ಚಿಟ್ಟಾಗ ಯಾರಾದರೂ ಟ್ರಿಗರನ್ನು ಎಳೆದರೆ ಕುದುರೆಗಳು ಬಿದ್ದು, ಅವುಗಳನ್ನು ಏರಿಸುವ ಸನ್ನೆಗಳು ಸ್ಥಾನ ತಪ್ಪಿ ನಿಲ್ಲುತ್ತವೆ. ಆಗ ಮುಂಗಡೆಯ ಮರವು ಕೂಡದು. ಕೋವಿ ಕೆಟ್ಟಿಲ್ಲ, ಕುದುರೆಗಳನ್ನು ಮರಳಿ ಏರಿಸಬೇಕಾಗಿದೆ, ಅಷ್ಟೆ. ತಿಳಿದ ಕೆಲಸಗಾರನಿಗೆ ಅದು ಕ್ಷಣದ ಕೆಲಸ.

ಕೂಡಿದ ಮೇಲೂ ಪರೀಕ್ಷೆಯೊಂದು ಉಳಿದಿದೆ. ಬರಿದಾದ ಕೋವಿಯನ್ನು ಮುಚ್ಚಿ, ನಳಿಗೆಗೂ ಹಿಂಭಾಗಕ್ಕೂ ನಡುವೆ ಬೆಳಕು ಕಾಣುವುದೇ ಎಂದು ನೋಡಬೇಕು. ಮುಂಗಡೆಯ ಮರವನ್ನು ತೆಗೆದು ಮೆಲ್ಲನೆ ಅಲುಗಿಸಿದರೆ ಸಡಿಲವು ಕೈಗೆ ತಿಳಿಯುತ್ತದೆ. ಸಂಶಯವಿದ್ದಲ್ಲಿ ಹಾರಿಸಕೂಡದು. ಭದ್ರವಾಗಿ ಮುಚ್ಚಿಕೊಳ್ಳದ ಕೋವಿಯು ಎದುರಿನ ಹಂದಿಗಿಂತ ಹಿಂದಿನ ಮುಖಕ್ಕೇ ಹತ್ತಿರ.

ಅರದಿಂದ ಉಜ್ಜುವುದೂ ಊರ ಕಮ್ಮಾರನಲ್ಲಿ ಬಡಿಸುವುದೂ ಬೇಡ. 1959ರ ಆಯುಧ ಕಾಯಿದೆಯಂತೆ ಕೋವಿಯನ್ನು ದುರಸ್ತಿ ಮಾಡುವವನಿಗೂ ಪರವಾನಗಿ ಇರತಕ್ಕದ್ದು. ಸ್ಪರ್ಧೆಯ ಗುರಿಪಿಸ್ತೂಲಿಗಾಗಲಿ ಅಜ್ಜನ ಕಾಲದ ಕೋವಿಗಾಗಲಿ ನಿಯಮವು ಒಂದೇ: ಬಲವಿಲ್ಲದೆ ಬಿಚ್ಚಿಬಂದದ್ದು ಬಲವಿಲ್ಲದೆಯೇ ಕೂಡಬೇಕು. ಕೂಡದಿದ್ದರೆ ತೋಳ್ಬಲವನ್ನು ಬದಿಗಿಟ್ಟು ಕಾರಣವನ್ನು ಹುಡುಕಬೇಕು. ಹಾಗೆ ಕಳೆದ ಒಂದು ದಿನದಿಂದ ಬೆಳೆಯಲ್ಲಿ ಸ್ವಲ್ಪ ನಷ್ಟವಾದೀತು, ಮನೆಯಂತೂ ಉಳಿಯುವುದು.