ಹಿರಿಯರೊಡನೆ ಥೇಮ್ಸ್ ತೀರಕ್ಕೆ

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ, ಬ್ರಿಟಿಷ್ ಸಂಸತ್ ಭವನಕ್ಕೆ ಅನತಿದೂರದಲ್ಲಿರುವ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ವಿಶ್ವಗುರು ಬಸವಣ್ಣನವರ ಪ್ರತಿಮೆ ನಿಂತಿದೆ. ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಪರಿಶ್ರಮದ ಫಲವಾದ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಮಕ್ಕಳು ಆ ನಾಡಿನಲ್ಲಿ ನೆಲೆಸಿರುವ ನಮ್ಮ ಮನೆಗಳ ಹಿರಿಯರಿಗೆ ಅದನ್ನೊಮ್ಮೆ ಕಣ್ತುಂಬ ನೋಡುವ ಹಂಬಲ. ಮನಸ್ಸು ಒಪ್ಪಿದರೂ ಮೊಣಕಾಲು ಒಪ್ಪುವುದಿಲ್ಲ.

ನನಗೆ ಪರಿಚಿತವಾದ ಮನೆಯೊಂದರಲ್ಲಿ ಮಗನು ಹದಿನೈದು ದಿನಗಳಲ್ಲಿ ಐದು ದೇಶ ತೋರಿಸುವ ಪ್ರವಾಸಕ್ಕೆ ಮುಂಗಡ ಹಣ ಕಟ್ಟಿ ಬಂದನು. ತಂದೆಗೆ ಎಂಬತ್ತರ ಸಮೀಪ, ಕೋಲೂರಿ ನಡೆಯುವವರು. ತಾಯಿ ನನ್ನೊಡನೆ, "ಶಾಸ್ತ್ರಿಗಳ, ಬಸ್ಸು ಹತ್ತಿ ಇಳಿಯೂದ್ರಾಗ ಇವರ ಜೀವ ಹೋಗತೈತಿ. ಮಗನಿಗೆ ಹೇಳಾಕ ಬಾಯಿ ಬರವಲ್ದು" ಎಂದರು. ಕೊನೆಗೆ ತಂದೆಯನ್ನೇ ಕೇಳಿದಾಗ ಅವರೆಂದುದು ಇಷ್ಟೆ: "ನನಗ ಐದು ದೇಶ ಬ್ಯಾಡಪ್ಪಾ. ಬಸವಣ್ಣನ ಮುಂದ ಒಂದು ತಾಸು ಕುಂದ್ರಿಸು, ಸಾಕು."

ಯೋಜನೆಯ ಮೊದಲ ಹೆಜ್ಜೆ ಇದೇ: ಕೇಳುವುದು. ಮಕ್ಕಳ ಅಭಿಮಾನದ ಭಾರವನ್ನು ಹೆತ್ತವರ ಕಾಲುಗಳು ಹೊರಬೇಕಾಗಬಾರದು. ಮಗನು ಮುಂಗಡದ ಹಣವನ್ನು ಬಿಟ್ಟುಕೊಟ್ಟು, ಜೂನ್ ತಿಂಗಳಲ್ಲಿ ಲಂಡನ್ ಒಂದಕ್ಕೇ ಹತ್ತು ದಿನಗಳನ್ನು ಗೊತ್ತುಮಾಡಿದನು.

ಎರಡನೆಯದು ವೈದ್ಯರ ಸಲಹೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿಯೂ ಹತ್ತು ತಾಸಿಗೆ ಕಡಿಮೆಯಿಲ್ಲದ ಪ್ರಯಾಣ. ಬಹುಹೊತ್ತು ಕದಲದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ಆದ್ದರಿಂದ ಆಗಾಗ ಪಾದಗಳನ್ನು ಆಡಿಸಬೇಕು, ನೀರು ಕುಡಿಯಬೇಕು. ಔಷಧಿಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇರಲಿ. ಪ್ರವಾಸ ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗಳನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ವಿಮೆ ಕೈಕೊಡುತ್ತದೆ.

ಮೂರನೆಯದು ಗಾಲಿಕುರ್ಚಿ. ಟಿಕೆಟ್ಟು ಕೊಳ್ಳುವಾಗಲೇ, ತಪ್ಪಿದರೆ 48 ತಾಸು ಮೊದಲಾದರೂ ವಿಮಾನ ಸಂಸ್ಥೆಗೆ ತಿಳಿಸಬೇಕು. ದೂರ ನಡೆಯಲಾರರೋ, ಮೆಟ್ಟಿಲನ್ನೂ ಹತ್ತಲಾರರೋ, ಆಸನದವರೆಗೂ ಎತ್ತಿಕೊಂಡೇ ಹೋಗಬೇಕೋ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಸಹಾಯದ ಬಗೆ ಅದರಂತೆ ಬದಲಾಗುತ್ತದೆ. ಆದರೆ ನಮ್ಮ ಹಿರಿಯರು ಒಪ್ಪಬೇಕಲ್ಲ! "ನಾನೇನು ಕುಂಟನೇ?" ಎಂದು ತಂದೆ ಸಿಡುಕಿದಾಗ ತಾಯಿಯೇ, "ಅಡ್ಡಪಲ್ಲಕ್ಕ್ಯಾಗ ಕುಂತ ಸ್ವಾಮಿಗಳಿಗೆ ಕಾಲಿಲ್ಲೇನು?" ಎಂದರಂತೆ. ಅಲ್ಲಿಗೆ ವಾದ ಮುಗಿಯಿತು.

ನಮ್ಮ ಮನೆತನಗಳಿಗೆ ವಿಶೇಷವಾದ ಎರಡು ಮಾತುಗಳು. ಬೆಳ್ಳಿಯ ಕರಡಿಗೆ ತಪಾಸಣೆಯ ಯಂತ್ರದಲ್ಲಿ ಸದ್ದುಮಾಡಬಹುದು. ಸದ್ದಾಗುವ ಮೊದಲೇ, ಇದು ಧರ್ಮಲಾಂಛನವೆಂದು ವಿನಯದಿಂದ ತಿಳಿಸಿ, ಪ್ರತ್ಯೇಕ ಕೊಠಡಿಯಲ್ಲಿ ತಪಾಸಣೆ ಮಾಡುವಂತೆ ಕೋರಬಹುದು. ಇನ್ನು ಬುತ್ತಿಯ ವಿಷಯ: ಭಾರತದಿಂದ ಹಾಲಿನ ಪದಾರ್ಥಗಳನ್ನು ಬ್ರಿಟನ್ನಿಗೆ ಒಯ್ಯುವಂತಿಲ್ಲ. ಧಾರವಾಡದ ಪೇಢೆ, ಬೆಳಗಾವಿಯ ಕುಂದಾ, ಮನೆಯ ತುಪ್ಪ ಇಲ್ಲಿಯೇ ಉಳಿಯಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಜೊತೆಗಿರಲಿ.

ಅಲ್ಲಿನ ಅನೇಕ ಮನೆಗಳಲ್ಲಿ ಮಲಗುವ ಕೋಣೆಯೂ ಬಚ್ಚಲೂ ಕಡಿದಾದ ಮೆಟ್ಟಿಲುಗಳ ಮೇಲಿರುತ್ತವೆ. ಮಗಳ ಮನೆಯಾದರೂ ಇದನ್ನು ಮೊದಲೇ ವಿಚಾರಿಸಬೇಕು. ಲಂಡನ್ನಿನ ಕಪ್ಪು ಟ್ಯಾಕ್ಸಿಗಳಲ್ಲಿಯೂ ನಗರದ ಬಸ್ಸುಗಳಲ್ಲಿಯೂ ಗಾಲಿಕುರ್ಚಿ ಏರಿಸಲು ಇಳಿಜಾರು ಹಲಗೆಯಿರುತ್ತದೆ. ಸುರಂಗ ರೈಲಿನಲ್ಲಿ ಮಾತ್ರ ಮೆಟ್ಟಿಲಿಲ್ಲದೆ ತಲುಪಬಲ್ಲ ನಿಲ್ದಾಣಗಳು ಸುಮಾರು ಮೂರರಲ್ಲೊಂದು ಪಾಲು. ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತು ನೋಡಿಯೇ ಹೊರಡಬೇಕು. ದಿನಕ್ಕೊಂದೇ ಸ್ಥಳ, ಮಧ್ಯಾಹ್ನ ವಿಶ್ರಾಂತಿ, ಎಲ್ಲಿಗೆ ಹೋದರೂ ಶೌಚಾಲಯ ಎಲ್ಲಿದೆಯೆಂಬ ಮಾಹಿತಿ. ಈ ಮೂರನ್ನು ಮರೆಯಬಾರದು.

ಆ ಹಿರಿಯರು ಬೇಡವೆಂದು ಸಿಡುಕಿದ ಕುರ್ಚಿಯಲ್ಲಿಯೇ ಕುಳಿತು ಬಸವಣ್ಣನವರ ಮುಂದೆ ಕೈಮುಗಿದರು. ಒಂದು ತಾಸು ಕಳೆಯಿತು. ಹೊರಡೋಣವೆಂದು ಮಗನು ಕುರ್ಚಿಗೆ ಕೈಯಿಟ್ಟಾಗ, "ಇನ್ನೊಂದೀಟು ತಡಿಯಪಾ" ಎಂದರಂತೆ. ಮಗನೂ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತನು. ಐದು ದೇಶಗಳನ್ನು ತೋರಿಸಿದ್ದರೂ ಈ ಹೊತ್ತು ಅವನಿಗೆ ದೊರೆಯುತ್ತಿರಲಿಲ್ಲ.