ಇ-ಟೈಪ್ ಕಾರಿನ ಮೈಮಾಟ ಯಾರದು?

ಮುನವಳ್ಳಿಯ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯಲ್ಲಿ ಮೀನು ಸೆಳವಿಗೆ ಎದುರಾಗಿ ಈಜುವುದನ್ನು ಕಂಡವರಿಗೆ ಅದರ ಆಕಾರದ ಗುಟ್ಟು ಗೊತ್ತು. ಮೂತಿ ಚೂಪು, ನಡು ದುಂಡು, ಬಾಲದತ್ತ ಮತ್ತೆ ಸಣ್ಣ. ನೀರು ತಡೆಯಿಲ್ಲದೆ ಮೈಸವರಿ ಹೋಗುತ್ತದೆ. ವೇಗದ ಕಾರಿಗೆ ಗಾಳಿಯೂ ಇಂಥದೇ ಹೊಳೆ. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಪ್ರದರ್ಶನಕ್ಕೆ ಬಂದ ಬ್ರಿಟನ್ನಿನ ಜಾಗ್ವಾರ್ ಇ-ಟೈಪ್ ಕಾರನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. (2008ರಲ್ಲಿ ಟಾಟಾ ಮೋಟರ್ಸ್ ಕೊಂಡದ್ದು ಇದೇ ಜಾಗ್ವಾರ್ ಕಂಪನಿಯನ್ನು.) ಅದರ ಚೆಲುವಿನ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಆ ಚೆಲುವು ಎಲ್ಲಿಂದ ಬಂತೆಂಬುದರಲ್ಲಿ.

ಇಟಲಿಯಿಂದ ಎನ್ನುವವರಿದ್ದಾರೆ. ಆಲ್ಫಾ ರೋಮಿಯೋ ಕಂಪನಿ 1952ರಲ್ಲಿ 'ಡಿಸ್ಕೊ ವೊಲಾಂತೆ', ಅಂದರೆ 'ಹಾರುವ ತಟ್ಟೆ', ಎಂಬ ರೇಸ್ ಕಾರನ್ನು ಸಿದ್ಧಪಡಿಸಿತ್ತು. ಹೊದಿಕೆ ಮಿಲಾನ್ ನಗರದ ಟೂರಿಂಗ್ ಸಂಸ್ಥೆಯದು. ಉಬ್ಬಿದ ಪಕ್ಕೆ, ನೆಲಕ್ಕೆ ತಗ್ಗಿದ ಮೈ. ಎರಡೂ ಕಾರುಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಅನುಮಾನ ಬರುವುದು ಸಹಜವೇ.

ಆದರೆ ಹೋಲಿಕೆಯೇ ನಕಲಿಗೆ ಸಾಕ್ಷಿಯಾಗದು. ಇ-ಟೈಪ್‌ಗೆ ರೂಪ ಕೊಟ್ಟ ಮಾಲ್ಕಂ ಸೇಯರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿದ್ದವರು. ಜಾಗ್ವಾರ್‌ಗೆ ಬಂದು ಅವರು ರೂಪಿಸಿದ ಸಿ-ಟೈಪ್, ಫ್ರಾನ್ಸಿನ ಲ ಮಾನ್ ರೇಸ್ ಗೆದ್ದದ್ದು 1951ರಲ್ಲಿ, 'ಹಾರುವ ತಟ್ಟೆ'ಗಿಂತ ಒಂದು ವರ್ಷ ಮೊದಲೇ! ಬಳಿಕ ಬಂದ ಡಿ-ಟೈಪ್ 1955ರಿಂದ ಸತತ ಮೂರು ವರ್ಷ ಅಲ್ಲಿಯೇ ಗೆದ್ದಿತು. ಅದರ ನಡುಭಾಗವನ್ನು ಕಟ್ಟಿದ್ದು ವಿಮಾನದ ಒಡಲಿನಂತೆ: ಲೋಹದ ತಗಡೇ ಭಾರ ಹೊರಬೇಕು. ಇ-ಟೈಪ್ ಈ ಡಿ-ಟೈಪ್‌ನ ರಸ್ತೆಗಿಳಿದ ಮಗು.

ಕಂಪ್ಯೂಟರು ಇನ್ನೂ ಕಾರಿನ ಕಾರ್ಖಾನೆಗೆ ಕಾಲಿಡದ ಕಾಲ. ಸೇಯರ್ ಸ್ಲೈಡ್ ರೂಲ್, ಲಾಗ್ ಟೇಬಲ್ ಹಿಡಿದು ಕೂತು ಒಂದೊಂದು ಬಾಗನ್ನೂ ಗಣಿತದಿಂದ ಲೆಕ್ಕ ಹಾಕಿ, ಬಿಂದು ಬಿಂದುವಾಗಿ ಕಾಗದಕ್ಕಿಳಿಸುತ್ತಿದ್ದರು. ನೋಡುಗರಿಗೆ ಶೃಂಗಾರವಾಗಿ ಕಾಣುವ ಎಷ್ಟೋ ಅಂಶಗಳಿಗೆ ಇಲ್ಲಿ ಕಾರಣಗಳಿವೆ. ಬಾನೆಟ್ಟು ಅಷ್ಟು ಉದ್ದವಾದದ್ದು ಆರು ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿದ 3.8 ಲೀಟರಿನ ಎಂಜಿನ್ ಹಿಡಿಯಲೆಂದು. ಅದರ ಮೇಲಿನ ಉಬ್ಬು, ಎಂಜಿನ್ನಿನ ತಲೆ ತಾಗದಿರಲೆಂದು. ಹೆಡ್‌ಲೈಟುಗಳ ಮೇಲೆ ಗಾಜು ಮುಚ್ಚಿದ್ದು ಗಾಳಿ ನುಣುಪಾಗಿ ಜಾರಲೆಂದು.

ಸೇಯರ್ ಇಟಲಿಯ ಕಾರುಗಳತ್ತ ಕಣ್ಣೆತ್ತಿಯೂ ನೋಡಿರಲಿಲ್ಲವೆಂದು ವಾದಿಸಬೇಕಿಲ್ಲ. ರೇಸ್ ಅಂಗಳದಲ್ಲಿ ಎಲ್ಲರೂ ಎಲ್ಲರ ಕಾರುಗಳನ್ನೂ ನೋಡುತ್ತಾರೆ. ಆದರೂ ವಂಶಾವಳಿ ಬರೆಯುವುದಾದರೆ ವಿಮಾನದ ಪಾಲು ದೊಡ್ಡದು, 'ತಟ್ಟೆ'ಯ ಪಾಲು ಚಿಕ್ಕದು.

'ಸ್ಟೈಲಿಸ್ಟ್' ಎಂದು ಕರೆಸಿಕೊಳ್ಳುವುದು ಸೇಯರ್ ಅವರಿಗೆ ಹಿಡಿಸುತ್ತಿರಲಿಲ್ಲ. ತಮ್ಮದು ಗಾಳಿಯ ಲೆಕ್ಕ ಎನ್ನುವ ನಿಲುವು ಅವರದು. 1970ರಲ್ಲಿ ಅವರು ತೀರಿಕೊಂಡರು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಇ-ಟೈಪ್ ಕಾರೊಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡದ್ದು 1996ರಲ್ಲಿ.